ಬಿಸಿಲ್ಗುದುರೆಯ ನಾಡಿನಲ್ಲಿ ಎರಡು ದಿನ

ಮರುಭೂಮಿ ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಮರಳಿನ ದಿಬ್ಬಗಳು, ಒಂಟೆಗಳ ಸಾಲು. ಆದರೆ ಮರಳೂ ಇಲ್ಲದ, ದಿಬ್ಬವೂ ಇಲ್ಲದ, ಅಂಗೈಯಂತೆ ಸಮತಟ್ಟಾದ ಮರುಭೂಮಿಯೊಂದು ನಮ್ಮ ದೇಶದಲ್ಲಿದೆ. ಅದು ಗುಜರಾತಿನಲ್ಲಿರುವ ಕಚ್ಛದ ಚಿಕ್ಕ ರಣ. ಅಹಮದಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹದಿನಾಲ್ಕು ಮಂದಿ ತರುಣ ತರುಣಿಯರು 2025ರ ಜನವರಿಯ ಒಂದು ಶನಿವಾರ, ಭಾನುವಾರಗಳನ್ನು ಅಲ್ಲಿ ಕಳೆದರು. ಹಿರಿಯನಾಗಿ ಅವರೊಡನೆ ಹೋಗುವ ಭಾಗ್ಯ ನನ್ನದಾಯಿತು.

ದಸಾಡಾ ಸಮೀಪದ ಹಳ್ಳಿಯ ಹೊಲವೊಂದರ ಅಂಚಿನಲ್ಲಿ ಡೇರೆಗಳನ್ನು ಹೂಡಿ, ಮಧ್ಯಾಹ್ನ ಸ್ಥಳೀಯ ಮಾರ್ಗದರ್ಶಕರೊಡನೆ ಜೀಪುಗಳಲ್ಲಿ ರಣವನ್ನು ಪ್ರವೇಶಿಸಿದೆವು. ಬಿರುಕುಬಿಟ್ಟ ಕಂದುನೆಲವು ದಿಗಂತದವರೆಗೆ ಹರಡಿತ್ತು. "ಕಾಕಾ, ಅಲ್ಲಿ ನೋಡಿ, ಕೆರೆ!" ಎಂದು ಹುಡುಗನೊಬ್ಬ ಕೂಗಿದನು. ಜೀಪು ಮುಂದೆ ಸಾಗಿದಂತೆ ಕೆರೆಯೂ ಹಿಂದೆ ಸರಿಯಿತು. ಪಠ್ಯಪುಸ್ತಕದಲ್ಲಿ ಓದಿದ್ದ ಬಿಸಿಲ್ಗುದುರೆ ಅಂದು ಪ್ರತ್ಯಕ್ಷವಾಗಿತ್ತು. ಆ ಹುಸಿನೀರಿನ ಮೇಲೆಯೇ ತೇಲಿಬಂದಂತೆ ಕಾಡುಕತ್ತೆಗಳ ಹಿಂಡೊಂದು ಓಡಿ ಮರೆಯಾಯಿತು.

ಸುಮಾರು 5,000 ಚದರ ಕಿಲೋಮೀಟರ್ ವಿಸ್ತಾರದ ಈ ಅಭಯಾರಣ್ಯವು ಭಾರತದ ಕಾಡುಕತ್ತೆಗಳ ಪ್ರಮುಖ ಆಶ್ರಯತಾಣ. 1960ರ ಸುಮಾರಿಗೆ ರೋಗರುಜಿನಗಳಿಂದ ಅವುಗಳ ಸಂತತಿ ಅಳಿವಿನಂಚಿಗೆ ಬಂದಿತ್ತು. ಸಂರಕ್ಷಣೆಯ ಫಲವಾಗಿ 2024ರ ಗಣತಿಯಲ್ಲಿ 7,600ಕ್ಕೂ ಹೆಚ್ಚು ಪ್ರಾಣಿಗಳು ಕಂಡುಬಂದವು. ಮಳೆಗಾಲದಲ್ಲಿ ನದಿಗಳ ನೀರೂ ಸಮುದ್ರದ ಉಬ್ಬರದ ನೀರೂ ಸೇರಿ ರಣವು ಜಲಮಯವಾಗುತ್ತದೆ. ಆಗ 'ಬೇಟ್' ಎಂಬ ಎತ್ತರದ ನಡುಗಡ್ಡೆಗಳೇ ಈ ಜೀವಿಗಳಿಗೆ ಹುಲ್ಲು ನೀಡಿ ಸಲಹುತ್ತವೆ.

ಬೇಟ್ ಒಂದರ ಮೇಲೆ ಪರಿಚಿತವಾದ ಗಿಡವೊಂದು ಎದುರಾಯಿತು. ಅದು ನಮ್ಮ ಬಳ್ಳಾರಿ ಜಾಲಿ! ಉಪ್ಪುನೆಲ ಹರಡದಿರಲೆಂದು ಇಲ್ಲಿ ನೆಟ್ಟ ಈ ಪರದೇಶದ ಗಿಡ, ಈಗ ಸ್ಥಳೀಯ ಹುಲ್ಲುಗಳನ್ನೇ ಅದುಮಿ ಬೆಳೆಯುತ್ತಿದೆ. ಅದರ ಕಾಯಿ ತಿಂದ ಕಾಡುಕತ್ತೆಗಳೇ ಬೀಜವನ್ನು ಹರಡುತ್ತಿವೆ. ಒಳಿತೆಂದು ಮಾಡಿದ ಕಾರ್ಯವೂ ಪ್ರಕೃತಿಯ ಲೆಕ್ಕದಲ್ಲಿ ತಪ್ಪಬಹುದೆಂಬುದನ್ನು ತರುಣರು ಅಲ್ಲಿ ಕಂಡರು.

ಅಂದು ರಾತ್ರಿ ನಕ್ಷತ್ರಗಳ ಕೆಳಗೆ ಊಟವಾಯಿತು. ಆದರೆ ಪಾತ್ರೆ ತೊಳೆಯುವಾಗ ನಮ್ಮ ಮಕ್ಕಳು ನಗರದ ನಲ್ಲಿಯ ಅಭ್ಯಾಸದಂತೆ ನೀರನ್ನು ಚೆಲ್ಲಿದರು. ನಾನು ಎರಡು ಬಾರಿ ಎಚ್ಚರಿಸಿದರೂ ಪ್ರಯೋಜನವಾಗಲಿಲ್ಲ.

ಮರುದಿನ ಬೆಳಿಗ್ಗೆ ಅಗರಿಯಾ ಕುಟುಂಬವೊಂದರ ಉಪ್ಪಿನ ಮಡಿಗಳಿಗೆ ಹೋದೆವು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ನಾವು 'ಉಪ್ಪಿನ ಆಗರ' ಎನ್ನುವೆವಲ್ಲವೆ? ಅದೇ 'ಆಗರ'ದಿಂದ ಬಂದ ಹೆಸರು ಇವರದು. ಮಳೆ ನಿಂತ ಮೇಲೆ ರಣಕ್ಕೆ ಬಂದು, ಮತ್ತೆ ಮಳೆಗಾಲ ಸಮೀಪಿಸುವವರೆಗೆ, ವರ್ಷದ ಏಳೆಂಟು ತಿಂಗಳು ಇವರು ಇಲ್ಲಿಯೇ ಗುಡಿಸಲು ಕಟ್ಟಿ ಬಾಳುತ್ತಾರೆ. ನೆಲದಾಳದ ಉಪ್ಪುನೀರನ್ನು ಪಂಪಿನಿಂದ ಮೇಲೆತ್ತಿ ಮಡಿಗಳಲ್ಲಿ ಹರಿಸಿ, ಹರಳುಗಟ್ಟುವ ಉಪ್ಪನ್ನು ಮರದ ಹಲುಬೆಯಿಂದ ದಿನವೂ ಕೆದಕುತ್ತಾರೆ. ಮೊದಲು ಡೀಸೆಲ್ಲಿಗೇ ದುಡಿಮೆಯ ದೊಡ್ಡ ಪಾಲು ಹೋಗುತ್ತಿತ್ತು. ಈಗ ಅನೇಕರಿಗೆ ಸೌರಪಂಪುಗಳು ದೊರೆತು ಆ ಹೊರೆ ತಗ್ಗಿದೆ. ದೇಶದ ಉಪ್ಪಿನ ಬಹುಪಾಲು ಗುಜರಾತಿನದೇ. ಅದರಲ್ಲಿ ಇಂತಹ ಕೈಗಳ ಕಾಯಕವೂ ಬೆರೆತಿದೆ.

ಆ ಮನೆಯ ವೃದ್ಧೆ ನಮಗೆಲ್ಲ ಚಹಾ ಮಾಡಿಕೊಟ್ಟರು. ಬಳಿಕ ಲೋಟಗಳನ್ನು ಒಂದು ಪುಟ್ಟ ಬೋಗುಣಿಯ ನೀರಿನಲ್ಲಿಯೇ ತೊಳೆದು, ಆ ನೀರನ್ನು ಗುಡಿಸಲ ಪಕ್ಕದ ಕುಂಡದಲ್ಲಿದ್ದ ತುಳಸಿಗೆ ಹಾಕಿದರು. "ಬಾ, ಕುಡಿಯುವ ನೀರು ಎಲ್ಲಿಂದ ಬರುತ್ತದೆ?" ಎಂದು ಹುಡುಗಿಯೊಬ್ಬಳು ಗುಜರಾತಿಯಲ್ಲಿ ಕೇಳಿದಳು. "ಟ್ಯಾಂಕರಿನಲ್ಲಿ, ಮಗಳೆ. ಅದು ಬಂದ ದಿನವೇ ನಮಗೆ ಹಬ್ಬ" ಎಂದರು ಆಕೆ. ಹಿಂದಿನ ರಾತ್ರಿ ಪಾತ್ರೆ ತೊಳೆದವರೆಲ್ಲ ತಲೆತಗ್ಗಿಸಿದರು.

ಹೊರಡುವಾಗ ತರುಣರು ಜೀಪಿನಲ್ಲಿ ಉಳಿದಿದ್ದ ನೀರಿನ ಕ್ಯಾನುಗಳನ್ನು ಆ ಗುಡಿಸಲ ಬಾಗಿಲಿಗೆ ಇಳಿಸಿ ಬಂದರು. ಹಾಗೆ ಮಾಡಿರೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಉಪದೇಶಕ್ಕೆ ಕೊರತೆಯಿಲ್ಲ. ಆದರೆ ನೀರಿನ ಬೆಲೆಯನ್ನು ನನ್ನ ಎರಡು ಎಚ್ಚರಿಕೆಗಳು ಕಲಿಸಲಿಲ್ಲ. ಒಂದು ಬೋಗುಣಿ ನೀರು ಕಲಿಸಿತು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಇಂತಹ ಬಯಲಿಗೆ ಕರೆದೊಯ್ಯುವ ಸಂಕಲ್ಪವನ್ನು ಹಿರಿಯರಾದ ನಾವು ಮಾಡೋಣ.