ಸೊರಗಿದ ಕೈ ಗೆದ್ದುಕೊಟ್ಟ ಪಂದ್ಯಗಳು

ಮುಡಬಿಯ ನಮ್ಮ ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುವಾಗ ಒಬ್ಬ ಮಾತ್ರ ಗೋಡೆಯ ಬದಿಗೆ ನಿಂತು ರನ್ ಎಣಿಸುತ್ತಿದ್ದ. ಅವನ ಬಲಗೈ ಹುಟ್ಟಿನಿಂದಲೇ ಸಣ್ಣದು. "ಇವನಿಗೆ ಆಟ ಬ್ಯಾಡ ಮಾಸ್ತರ್, ಬಿದ್ದರೆ ಇರೋ ಕೈನೂ ಹೋಗ್ತದ" ಎಂದು ಅವನ ತಾಯಿ ನನ್ನಲ್ಲಿ ಹೇಳಿದ್ದರು. ಆ ತಾಯಿಯ ಆತಂಕವನ್ನು ನಾನು ಹಗುರವಾಗಿ ಕಾಣಲಿಲ್ಲ. ಬದಲಿಗೆ ಅವರಿಗೊಂದು ಕಥೆ ಹೇಳಿದೆ.

ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್ ಹುಟ್ಟಿದ್ದು 1945ರ ಮೇ 17ರಂದು, ಮೈಸೂರಿನಲ್ಲಿ. ಚಿಕ್ಕಂದಿನಲ್ಲೇ ಪೋಲಿಯೊ ತಗಲಿ ಬಲಗೈ ಸೊರಗಿತು. ಪೋಲಿಯೊ ಲಸಿಕೆ ಅಮೆರಿಕದಲ್ಲೇ ಬಳಕೆಗೆ ಬಂದದ್ದು 1955ರಲ್ಲಿ. ಅದಕ್ಕೆ ಮೊದಲು ಹೆತ್ತವರು ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಕುಟುಂಬ ಬೆಂಗಳೂರಿಗೆ ಬಂದ ಮೇಲೆ ಹುಡುಗ ಬೀದಿಯಲ್ಲಿ ರಬ್ಬರ್ ಚೆಂಡಿನಲ್ಲಿ ಆಡುತ್ತಾ ಬೆಳೆದ. 1964ರ ಜನವರಿಯಲ್ಲಿ, ಹದಿನೆಂಟು ವರ್ಷದವನಾಗಿದ್ದಾಗಲೇ, ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ಭಾರತದ ಪರ ಟೆಸ್ಟ್ ಆಡಿದ.

ಸೋಜಿಗವೆಂದರೆ ಚಂದ್ರಶೇಖರ್ ಬೌಲಿಂಗ್ ಮಾಡಿದ್ದು ಆ ಸೊರಗಿದ ಕೈಯಿಂದಲೇ! ಫೀಲ್ಡಿಂಗ್‌ನಲ್ಲಿ ಚೆಂಡನ್ನು ಎಸೆಯಲು ಮಾತ್ರ ಎಡಗೈ. ತೆಳ್ಳಗಿನ ಆ ಬಲ ಮಣಿಕಟ್ಟು ಚಾಟಿಯಂತೆ ತಿರುಗುತ್ತಿತ್ತು. ಸಾಮಾನ್ಯವಾಗಿ ಸ್ಪಿನ್ನರುಗಳ ಚೆಂಡು ನಿಧಾನ. ಇವರದು ಮಧ್ಯಮ ವೇಗಿಗಳಷ್ಟು ಚುರುಕು. ಅದು ಯಾವ ಕಡೆ ತಿರುಗುತ್ತದೆಂದು ಕೆಲವೊಮ್ಮೆ ಅವರಿಗೇ ತಿಳಿಯುತ್ತಿರಲಿಲ್ಲವಂತೆ. ಅಂಥವರ ಹಿಂದೆ ವಿಕೆಟ್ ಕಾಯುವುದೆಂದರೆ ತಮಾಷೆಯಲ್ಲ. ಕರ್ನಾಟಕಕ್ಕೂ ಭಾರತಕ್ಕೂ ಆ ಕೆಲಸ ಮಾಡಿದ ನಮ್ಮ ಸೈಯದ್ ಕಿರ್ಮಾನಿಯವರನ್ನು ಇಲ್ಲಿ ನೆನೆಯಲೇಬೇಕು.

1971ರ ಆಗಸ್ಟ್. ಲಂಡನ್ನಿನ ಓವಲ್ ಮೈದಾನ. ಅಲ್ಲಿಯವರೆಗೆ ಭಾರತ ಇಂಗ್ಲೆಂಡಿನ ನೆಲದಲ್ಲಿ ಒಂದೇ ಒಂದು ಟೆಸ್ಟ್ ಗೆದ್ದಿರಲಿಲ್ಲ. ಮೊದಲ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 355, ಭಾರತ 284. ಎರಡನೆಯ ಇನಿಂಗ್ಸ್‌ನಲ್ಲಿ ಲಕ್‌ಹರ್ಸ್ಟ್ ನೇರಕ್ಕೆ ಹೊಡೆದ ಚೆಂಡು ಚಂದ್ರಶೇಖರ್ ಅವರ ಕೈಗೆ ತಾಗಿ ಸ್ಟಂಪಿಗೆ ಬಡಿಯಿತು. ಆಚೆ ತುದಿಯಲ್ಲಿದ್ದ ಜೇಮ್ಸನ್ ರನೌಟ್. ಆಮೇಲೆ ವಿಕೆಟ್‌ಗಳು ಒಂದರ ಹಿಂದೊಂದು ಉರುಳಿದವು. ಇಂಗ್ಲೆಂಡ್ 101ಕ್ಕೆ ಮುಗಿಯಿತು. ಚಂದ್ರಶೇಖರ್‌ಗೆ 38 ರನ್ನಿಗೆ 6 ವಿಕೆಟ್. ಗೆಲುವಿನ ಹೊಡೆತ ಬಾರಿಸಿದವರು ನಮ್ಮ ಪಕ್ಕದ ಹೈದರಾಬಾದಿನ ಸೈಯದ್ ಆಬಿದ್ ಅಲಿ.

1977-78ರಲ್ಲಿ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ಗಳಲ್ಲಿ ಅವರು 52 ರನ್ನಿಗೆ 6 ವಿಕೆಟ್ ಪಡೆದರು. ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ದೊರೆತ ಮೊದಲ ಟೆಸ್ಟ್ ಗೆಲುವು ಅದು. ಬ್ಯಾಟಿಂಗ್ ಮಾತ್ರ ಅವರಿಗೆ ಒಲಿಯಲೇ ಇಲ್ಲ. 58 ಟೆಸ್ಟ್‌ಗಳಲ್ಲಿ 242 ವಿಕೆಟ್, ರನ್ ಬರೇ 167! ಅದೇ ಆಸ್ಟ್ರೇಲಿಯ ಪ್ರವಾಸದಲ್ಲಿ ಅವರ ಸೊನ್ನೆಗಳನ್ನು ಕಂಡು ಬ್ಯಾಟ್ ಕಂಪೆನಿಯೊಂದು ತೂತಿರುವ ಬ್ಯಾಟನ್ನು ಉಡುಗೊರೆ ಕೊಟ್ಟಿತ್ತು.

ಅಮೆರಿಕದಲ್ಲೂ ಇಂಥದೇ ಒಬ್ಬರಿದ್ದಾರೆ. ಅಲ್ಲಿನ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. 1967ರಲ್ಲಿ ಜನಿಸಿದ ಜಿಮ್ ಅಬಟ್‌ಗೆ ಬಲ ಹಸ್ತವೇ ಇರಲಿಲ್ಲ. ಕೈಗವಸನ್ನು ಬಲ ಮುಂಗೈಯ ತುದಿಗೆ ಆನಿಸಿಕೊಂಡು ಎಡಗೈಯಿಂದ ಚೆಂಡೆಸೆದು, ಮರುಕ್ಷಣವೇ ಅದೇ ಎಡಗೈಯನ್ನು ಗವಸಿನೊಳಗೆ ತೂರಿಸುತ್ತಿದ್ದರು. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರ ಆಡುತ್ತಾ ಕ್ಲೀವ್‌ಲ್ಯಾಂಡ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದು ಹಿಟ್ಟನ್ನೂ ಬಿಟ್ಟುಕೊಡಲಿಲ್ಲ.

ಚಂದ್ರಶೇಖರ್ 1979ರಲ್ಲಿ ಕೊನೆಯ ಟೆಸ್ಟ್ ಆಡಿದರು. 1991ರಲ್ಲಿ ರಸ್ತೆ ಅಪಘಾತವಾಗಿ ಕಾಲಿಗೆ ತೀವ್ರ ಪೆಟ್ಟಾಯಿತು. ಒಂದು ಕೈಯ ಕಷ್ಟ ಸಾಲದೆಂಬಂತೆ ನಡೆಯುವುದೂ ಕಷ್ಟವಾಯಿತು. ಇದನ್ನು ಹೇಳುವಾಗ ಆ ತಾಯಿ ತುಟಿ ಕಚ್ಚಿಕೊಂಡರು.

ನಮ್ಮ ದೇಶದಲ್ಲಿ ಕಾಡುಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತವನ್ನು ಪೋಲಿಯೊಮುಕ್ತವೆಂದು ಘೋಷಿಸಲಾಯಿತು. ಹಿಂದೆ ಹನಿ ಹಾಕುವವರು ಬಂದಾಗ ಏನೇನೋ ಗುಸುಗುಸು ಕೇಳಿ ಬಾಗಿಲು ಮುಚ್ಚಿಕೊಂಡ ಮನೆಗಳೂ ಇದ್ದವು. ನೆರೆಯ ದೇಶಗಳಲ್ಲಿ ಆ ರೋಗ ಅಳಿದಿಲ್ಲ. ಆದ್ದರಿಂದ ಇಂದಿಗೂ ಹನಿಯ ದಿನ ತಪ್ಪಿಸಬೇಡಿರೆಂದು ಕೈಮುಗಿದು ಕೇಳುತ್ತೇನೆ.

ಕಥೆ ಮುಗಿದ ಮೇಲೆ ಆ ತಾಯಿ ಕೇಳಿದ್ದು ಒಂದೇ ಮಾತು: "ಚೆಂಡು ಗಟ್ಟಿದೋ, ರಬ್ಬರಿಂದೋ?"

ರಬ್ಬರಿನದೆಂದೆ. ಮರುವಾರ ಹುಡುಗ ಬೌಲಿಂಗ್ ಮಾಡಿದ. ಮೊದಲ ಚೆಂಡು ಗೋಡೆಯಾಚೆ ಹೋಗಿ ಬಿತ್ತು. ತರಲು ಅವನೇ ಓಡಿದ.