ಅತಿಥಿಗಳಿಗೆ ಸುಟ್ಟ ಬೆಳ್ಳುಳ್ಳಿ-ಚೀಸ್ ಡಿಪ್

ಅತಿಥಿಗಳು ಬಂದಾಗ ನಿಪ್ಪಟ್ಟು, ಕೋಡುಬಳೆಗಳ ಜೊತೆಗೆ ಬ್ರೆಡ್ಡಿನ ತುಂಡುಗಳನ್ನೂ ಸೌತೆ, ಗಜ್ಜರಿಗಳ ಹೋಳುಗಳನ್ನೂ ಇಡುವ ರೂಢಿ ನಗರವಾಸಿಗಳಾದ ನಮ್ಮ ಮನೆಗಳಲ್ಲಿ ಬೆಳೆದಿದೆ. ಇವುಗಳಿಗೆ ನೆಂಚಿಕೊಳ್ಳಲು ಸುಟ್ಟ ಬೆಳ್ಳುಳ್ಳಿ ಮತ್ತು ಚೀಸ್ ಬೆರೆತ ಡಿಪ್ ಚೆನ್ನಾಗಿ ಹೊಂದುತ್ತದೆ. ಇದನ್ನು ಮಾಡುವುದು ಸುಲಭ. ಆದರೆ ಕೆಲವು ಕಾರಣಗಳನ್ನು ಅರಿತು ಮಾಡಿದರೆ ರುಚಿಯೂ ಕೆಡದು, ಉಂಡವರ ಆರೋಗ್ಯವೂ ಕೆಡದು.

ಹಸಿ ಬೆಳ್ಳುಳ್ಳಿಯನ್ನು ಜಜ್ಜಿದಾಗ ಅದರಲ್ಲಿರುವ ಅಲಿಯಿನ್ ಎಂಬ ಅಂಶವು ಅಲಿನೇಸ್ ಎಂಬ ಕಿಣ್ವದೊಡನೆ ಕೂಡಿ ಅಲಿಸಿನ್ ಉಂಟಾಗುತ್ತದೆ. ಘಾಟಿಗೆ ಇದೇ ಮೂಲ. ಗಡ್ಡೆಯನ್ನು ಇಡಿಯಾಗಿ ಸುಟ್ಟರೆ ಕಿಣ್ವವು ಶಾಖಕ್ಕೆ ನಾಶವಾಗುವುದರಿಂದ ಆಮೇಲೆ ಎಷ್ಟು ಅರೆದರೂ ಘಾಟು ಹುಟ್ಟದು. ಎಸಳು ಮೃದುವಾಗಿ ಸಿಹಿಯಾಗುತ್ತದೆ. ಆದ್ದರಿಂದ ಮೊದಲೇ ಸುಲಿದು ಹೆಚ್ಚಬಾರದು.

ಎಂಟು ಜನರಿಗೆ ಬೆಳ್ಳುಳ್ಳಿಯ 2 ಗಡ್ಡೆ, 200 ಗ್ರಾಂ ಕ್ರೀಮ್ ಚೀಸ್, ತುರಿದ ಚೀಸ್ 100 ಗ್ರಾಂ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು ಅರ್ಧ ಬಟ್ಟಲು ಸಾಕು. ಗಡ್ಡೆಗಳ ತುದಿಯನ್ನಷ್ಟೇ ಕತ್ತರಿಸಿ, ಎಣ್ಣೆ ಸವರಿ, ಫಾಯಿಲ್‌ನಲ್ಲಿ ಸುತ್ತಿ ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷ ಇಡಬೇಕು. ಓವನ್ ಇಲ್ಲದಿದ್ದರೆ ಸಿಪ್ಪೆಸಹಿತವಾದ ಎಸಳುಗಳನ್ನು ದಪ್ಪ ತವೆಯ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಮಗುಚುತ್ತ ಮೆತ್ತಗಾಗುವವರೆಗೆ ಸುಡಬಹುದು. ಆರಿದ ಮೇಲೆ ಎಸಳುಗಳನ್ನು ಹಿಂಡಿ ತೆಗೆದು ನುಣ್ಣಗೆ ಅರೆದು, ಉಳಿದ ಸಾಮಗ್ರಿಗಳೊಡನೆ ಕಲಸಿ, ಕಾಳುಮೆಣಸಿನ ಪುಡಿ ಹಾಗೂ ನಿಂಬೆರಸ ಸೇರಿಸಬೇಕು. ಚೀಸ್‌ನಲ್ಲಿಯೇ ಉಪ್ಪಿರುವುದರಿಂದ ರುಚಿ ನೋಡಿದ ನಂತರವೇ ಉಪ್ಪು ಹಾಕುವುದು ಲೇಸು.

ಕೆಲಸ ಹಗುರವಾಗಲೆಂದು ಸುಟ್ಟ ಎಸಳುಗಳನ್ನು ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿ ಇಡುವುದು ಅಪಾಯಕರ. ಮಣ್ಣಿನಲ್ಲಿರುವ ಬೊಟುಲಿನಮ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಬೆಳ್ಳುಳ್ಳಿಯಲ್ಲಿ ಇರಬಹುದು. ಅಡುಗೆಯ ಶಾಖಕ್ಕೆ ಅವು ಸಾಯುವುದಿಲ್ಲ. ಗಾಳಿ ಸೋಕದ ಎಣ್ಣೆಯೊಳಗೆ, ಕೋಣೆಯ ಬೆಚ್ಚನೆಯಲ್ಲಿ, ಅವು ಬೆಳೆದು ನರಗಳಿಗೆ ಮಾರಕವಾದ ವಿಷವನ್ನು ಉಂಟುಮಾಡುತ್ತವೆ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಉಪಾಹಾರ ಗೃಹವೊಂದರಲ್ಲಿ, ತಂಪಿನಲ್ಲಿ ಇಡದೆ ಬಳಸಿದ ಎಣ್ಣೆಬೆಳ್ಳುಳ್ಳಿಯಿಂದ 36 ಮಂದಿ ಅಸ್ವಸ್ಥರಾದರು. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಮೂಸಿ ನೋಡಿ ನಿರ್ಧರಿಸುವ ನಮ್ಮ ಹಳೆಯ ಪರೀಕ್ಷೆ ಇಲ್ಲಿ ನಡೆಯದು. ಅಂದೇ ಸುಟ್ಟು ಅಂದೇ ಬಳಸುವುದು ಉತ್ತಮ. ಉಳಿದುದನ್ನು ಕೂಡಲೇ ಫ್ರಿಜ್‌ನಲ್ಲಿಟ್ಟು ಮೂರು-ನಾಲ್ಕು ದಿನಗಳೊಳಗೆ ಮುಗಿಸಬೇಕು. ಡಿಪ್ಪನ್ನೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ಚೆನ್ನೈ, ಹೈದರಾಬಾದುಗಳ ಬೇಸಿಗೆಯಲ್ಲಿ ಒಂದೇ ಗಂಟೆ. ಚಿಕ್ಕ ಬಟ್ಟಲುಗಳಲ್ಲಿ ಆಗಾಗ ಬಡಿಸಿದರೆ ಈ ಚಿಂತೆಯಿರದು.

ಕೊನೆಯದಾಗಿ ಒಂದು ಮಾತು. ನಮ್ಮ ಬಂಧುಗಳಲ್ಲಿಯೂ ಜೈನ ನೆರೆಹೊರೆಯವರಲ್ಲಿಯೂ ಬೆಳ್ಳುಳ್ಳಿ ವರ್ಜಿಸಿದವರು ಅನೇಕರಿದ್ದಾರೆ. ಹಸಿ ಬೆಳ್ಳುಳ್ಳಿ ತನ್ನ ಘಾಟಿನಿಂದಲೇ ತನ್ನನ್ನು ಸಾರಿಕೊಳ್ಳುತ್ತದೆ; ಸುಟ್ಟದ್ದು ಚೀಸ್‌ನ ಬಿಳುಪಿನಲ್ಲಿ ಅಡಗಿಬಿಡುತ್ತದೆ. ಆದಕಾರಣ ಬಡಿಸುವ ಮುನ್ನ ನಾವೇ ಬಾಯಿಬಿಟ್ಟು ಹೇಳಬೇಕು. ಬೆಳ್ಳುಳ್ಳಿ ಬೆರೆಸುವ ಮೊದಲೇ ಸ್ವಲ್ಪ ಭಾಗವನ್ನು ತೆಗೆದು, ಪುದೀನ ಮತ್ತು ಕೊತ್ತಂಬರಿ ಸೇರಿಸಿ ಬೇರೆ ಬಟ್ಟಲಿನಲ್ಲಿ, ಬೇರೆ ಚಮಚದೊಡನೆ ಇಟ್ಟರೆ ಅವರಿಗೂ ಸಂಕೋಚವಿಲ್ಲ, ನಮಗೂ ನೆಮ್ಮದಿ. ಚೀಸ್ ಕೊಳ್ಳುವಾಗ ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಲು ಮರೆಯದಿರೋಣ.