ಬಿಜೂರಿನ ಓಟಿಗೆ ಅಮೆರಿಕದ ದುಡ್ಡು ಬಂತೇ?

"ಅಮೆರಿಕದರ್ ನಮ್ಮ್ ಓಟಿಗೆ ದುಡ್ಡ್ ಕಳ್ಸಿರಂಬ್ರ್, ಹೌದಾ ಟೀಚರ್? ಹೌದಾದ್ರೆ ಯಾರ್ ಕೈಗ್ ಕೊಟ್ರ್?"

2025ರ ಫೆಬ್ರವರಿಯಲ್ಲಿ ನಮ್ಮ ಮನೆಗೆ ಮೀನು ತರುವ ಹೆಂಗಸು ಬುಟ್ಟಿ ಇಳಿಸುತ್ತಾ ಕೇಳಿದ ಪ್ರಶ್ನೆ ಇದು. ಮಗನ ಮೊಬೈಲಿನಲ್ಲಿ ವಿಡಿಯೊ ನೋಡಿದ್ದರಂತೆ. ಆ ವಾರ ಟಿವಿಗಳಲ್ಲಿ ದಿನವಿಡೀ ನಡೆದ ಚರ್ಚೆಗಳನ್ನು ನಾನೂ ಕೇಳಿದ್ದೆ. ಅಲ್ಲಿ ಕೂತ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂಬ ಊಹೆಗಳಿಗೆ ಬರವಿರಲಿಲ್ಲ. ಯಾರ ಕೈಗೆ ಬಂತು ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

ಆದದ್ದು ಹೀಗೆ. ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧ್ಯಕ್ಷರಾದ ಮೇಲೆ ಸರ್ಕಾರದ ಖರ್ಚು ಕಡಿತಕ್ಕೆಂದು ಇಲಾನ್ ಮಸ್ಕ್ ನೇತೃತ್ವದ 'ಡೋಜ್' ತಂಡವನ್ನು ಕೂರಿಸಿದರು. ವಿದೇಶಗಳಿಗೆ ನೆರವು ಕೊಡುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಮೇಲೆ ಅದರ ಕಣ್ಣು ಬಿತ್ತು. ಫೆಬ್ರವರಿ ನಡುವಿನಲ್ಲಿ ಅದು ರದ್ದು ಮಾಡಿದ ಅನುದಾನಗಳ ಪಟ್ಟಿ ಹೊರಹಾಕಿತು. ಮಾಲ್ಡೋವಾಕ್ಕೆ 22 ದಶಲಕ್ಷ ಡಾಲರ್, ಬಾಂಗ್ಲಾದೇಶಕ್ಕೆ 29 ದಶಲಕ್ಷ, ಅದರ ನಡುವೆ 'ಭಾರತದಲ್ಲಿ ಮತದಾನ ಪ್ರಮಾಣ ಹೆಚ್ಚಿಸಲು' 21 ದಶಲಕ್ಷ. ನಮ್ಮ ಲೆಕ್ಕದಲ್ಲಿ ಸುಮಾರು 182 ಕೋಟಿ ರೂಪಾಯಿ. ಯಾವ ವರ್ಷ ಮಂಜೂರಾಯಿತು, ಭಾರತದಲ್ಲಿ ಯಾರ ಕೈಗೆ ಹೋಯಿತು ಎಂಬ ವಿವರ ಪಟ್ಟಿಯಲ್ಲಿರಲಿಲ್ಲ.

ಟ್ರಂಪ್ ಇದನ್ನು ಹಿಡಿದುಕೊಂಡರು. ಮೊದಲು, ಭಾರತದ ಬಳಿ ಬೇಕಾದಷ್ಟು ಹಣವಿರುವಾಗ ನಾವೇಕೆ ಕೊಡಬೇಕು ಎಂದರು. ಮರುದಿನ ಮಿಯಾಮಿಯಲ್ಲಿ, ಅಲ್ಲಿ ಬೇರೆ ಯಾರನ್ನೋ ಗೆಲ್ಲಿಸಲು ನೋಡುತ್ತಿದ್ದರು ಅನ್ನಿಸುತ್ತದೆ ಎಂದರು. ಇನ್ನೆರಡು ದಿನ ಕಳೆಯುವಷ್ಟರಲ್ಲಿ ಅದೇ ಹಣ ತಮ್ಮ ಗೆಳೆಯ ಮೋದಿಯವರಿಗೆ ಹೋಗುತ್ತಿತ್ತು ಎಂದರು. ಒಂದೇ ವಾರದಲ್ಲಿ ಒಂದೇ ಮೊತ್ತಕ್ಕೆ ಒಬ್ಬರೇ ಮೂರು ವಿಳಾಸ ಕೊಟ್ಟರು. ನಮ್ಮಲ್ಲಿ ಬಿಜೆಪಿಯವರು ಎರಡನೆಯ ಮಾತನ್ನು ಹಿಡಿದು ಕಾಂಗ್ರೆಸ್ಸಿನ ಮೇಲೆ ಬಿದ್ದರು, ಕಾಂಗ್ರೆಸ್ಸಿನವರು ಮೂರನೆಯದನ್ನು ಹಿಡಿದು ಬಿಜೆಪಿಯನ್ನು ಪ್ರಶ್ನಿಸಿದರು. ವಿದೇಶಾಂಗ ಇಲಾಖೆ ಇದು ತೀರಾ ಕಳವಳದ ಸಂಗತಿ, ಸಂಬಂಧಪಟ್ಟವರು ಪರಿಶೀಲಿಸುತ್ತಿದ್ದಾರೆ ಎಂದಿತು.

ನನಗೆ ಈ ವಿಷಯ ಬರೀ ಸುದ್ದಿಯಲ್ಲ. ಪ್ರಾಥಮಿಕ ಶಾಲೆಯ ಟೀಚರಾಗಿದ್ದ ನಾನು ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಆಗಿ ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತಿದವಳು, ಬೂತ್ ಡ್ಯೂಟಿ ಮಾಡಿದವಳು. 'ಮತದಾನ ಪ್ರಮಾಣ ಹೆಚ್ಚಿಸುವುದು' ಎಂದರೆ ಕೆಳಗೆ ಏನು ನಡೆಯುತ್ತದೆ ಎಂಬುದನ್ನು ಕೈಯಾರೆ ಮಾಡಿದ್ದೇನೆ. ಚುನಾವಣಾ ಆಯೋಗದ 'ಸ್ವೀಪ್' ಎಂಬ ಕಾರ್ಯಕ್ರಮ ಅದು. ಜಿಲ್ಲೆಯಲ್ಲಿ ಜಿಲ್ಲಾ ಪಂಚಾಯತ್ ಸಿಇಒ ಅದರ ಮುಖ್ಯಸ್ಥರು, ಊರಿನಲ್ಲಿ ನಾವು, ಅಂಗನವಾಡಿಯವರು, ಪಂಚಾಯತ್ ಸಿಬ್ಬಂದಿ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಘೋಷಣೆ ಬರೆಯುತ್ತಿದ್ದರು. ಮೈದಾ ಅಂಟು ಕಾಯಿಸಿ ಅದನ್ನು ಅಡಿಕೆ ದಬ್ಬೆಗೆ ಅಂಟಿಸುತ್ತಿದ್ದೆವು. ಸಣ್ಣ ಮಕ್ಕಳ ಕೈಗೆ ಸಿಬಿರು ಚುಚ್ಚದಂತೆ ದಬ್ಬೆಯ ತುದಿಗೆ ಬಟ್ಟೆ ಸುತ್ತಬೇಕಿತ್ತು. ಶಾಲೆಯಿಂದ ಹೆದ್ದಾರಿಯ ಬದಿಗೆ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಪ್ರತಿಜ್ಞೆ ಓದಿ ಹಿಂದೆ ಹೋಗುವಾಗ ಯಾರಾದರೂ ಬೆಲ್ಲದ ಪಾನಕ ಕೊಡುತ್ತಿದ್ದರು. ಜಾಥಾ ಅಂದರೆ ಇಷ್ಟೆ. ಇದಕ್ಕೆ ಖರ್ಚಾಗುವುದು ನಮ್ಮದೇ ಸರ್ಕಾರದ ಅಲ್ಪ ಹಣ, ಮತ್ತೆ ಬಹಳಷ್ಟು ಜನರ ಪುಕ್ಕಟೆ ಶ್ರಮ.

ಹಾಗಾಗಿ ಅಮೆರಿಕದ ಹಣ ಬಂತು ಎನ್ನುವವರಿಗೆ ನನ್ನ ಮೊದಲ ಪ್ರಶ್ನೆ, ಫಲ ಎಲ್ಲಿ? 2019ರ ಲೋಕಸಭಾ ಚುನಾವಣೆಯಲ್ಲಿ ದೇಶದ ಮತದಾನ ಶೇಕಡಾ 67.4 ಇದ್ದದ್ದು 2024ರಲ್ಲಿ 65.8ಕ್ಕೆ ಇಳಿಯಿತು. ಕರಾವಳಿಯಲ್ಲಿ ಜನ ಓಟು ಹಾಕುವುದಂತೂ ಹೊಸತಲ್ಲ. ಬೈಂದೂರು ವಿಧಾನಸಭಾ ಕ್ಷೇತ್ರ ಶಿವಮೊಗ್ಗ ಲೋಕಸಭೆಗೆ ಸೇರುತ್ತದೆ, ಕುಂದಾಪುರ ಉಡುಪಿ-ಚಿಕ್ಕಮಗಳೂರಿಗೆ. 2024ರಲ್ಲಿ ಕುಂದಾಪುರದಲ್ಲಿರುವ ನನ್ನ ತಂಗಿ ಏಪ್ರಿಲ್ 26ಕ್ಕೆ ಓಟು ಹಾಕಿದಳು, ಬೈಂದೂರು ಕ್ಷೇತ್ರದ ಬಿಜೂರಿನ ನಾವು ಮೇ 7ಕ್ಕೆ. ಎರಡೂ ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ಶೇಕಡಾ 77 ದಾಟಿತು. ಬೆಂಗಳೂರು, ಮುಂಬೈಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರು ರಾತ್ರಿ ಬಸ್ಸಿನಲ್ಲಿ, ಕೊಂಕಣ ರೈಲಿನಲ್ಲಿ ಬಂದು ಓಟು ಹಾಕಿ ಹೋಗುತ್ತಾರೆ.

ಅಮೆರಿಕದ ಹಣ ಬಂದಿಲ್ಲವೆಂದು ದಾಖಲೆಗಳೂ ಹೇಳಿದವು. ಪಟ್ಟಿ ಹೊರಬಿದ್ದ ಕೆಲವೇ ದಿನಗಳಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆ, ಆ 21 ದಶಲಕ್ಷ ಡಾಲರ್ 2022ರಲ್ಲಿ ಮಂಜೂರಾದದ್ದು ಬಾಂಗ್ಲಾದೇಶಕ್ಕೆ ಎಂದು ದಾಖಲೆ ಸಹಿತ ಬರೆಯಿತು. 2012ರಲ್ಲಿ ಅಮೆರಿಕದ ಐಎಫ್‌ಇಎಸ್ ಸಂಸ್ಥೆಯ ಜೊತೆ ಚುನಾವಣಾ ಆಯೋಗ ಒಪ್ಪಂದ ಮಾಡಿಕೊಂಡದ್ದು ನಿಜ. ಆದರೆ ಅದು ತರಬೇತಿಗೆ ಸಂಬಂಧಿಸಿದ್ದು, ಹಣದ ಮಾತೇ ಅದರಲ್ಲಿರಲಿಲ್ಲ ಎಂದು ಆಗ ಮುಖ್ಯ ಆಯುಕ್ತರಾಗಿದ್ದ ಎಸ್.ವೈ. ಖುರೇಷಿ ಹೇಳಿದರು. 2025ರ ಆಗಸ್ಟಿನಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ನಮ್ಮ ಸರ್ಕಾರವೇ ಅಮೆರಿಕದ ರಾಯಭಾರ ಕಚೇರಿಯ ಮಾತನ್ನು ಮುಂದಿಟ್ಟಿತು: 2014ರಿಂದ 2024ರವರೆಗೆ ಯುಎಸ್‌ಏಡ್ ಭಾರತದಲ್ಲಿ ಮತದಾನ ಹೆಚ್ಚಿಸಲು ಅಂಥ ಹಣ ಪಡೆದೂ ಇಲ್ಲ, ಕೊಟ್ಟೂ ಇಲ್ಲ. ಫೆಬ್ರವರಿಯಲ್ಲಿ ಮನೆಮನೆಗೂ ಮುಟ್ಟಿದ ಆರೋಪದ ಹಿಂದೆ ಆಗಸ್ಟಿನ ಉತ್ತರ ಹೋಗಲೇ ಇಲ್ಲ. ಮೀನಿನವರಿಗೆ ಅದನ್ನು ನಾನೇ ಹೇಳಬೇಕಾಯಿತು.

ಹಾಗಾದರೆ ಆರೋಪ ಮಾಡಿದ್ದು ಯಾಕೆ? ವಿದೇಶಿ ಕೈವಾಡದ ಮಾತು ಬಂದಾಗ ನಾವು ಹಣ ಕೊಟ್ಟವನ ಉದ್ದೇಶವನ್ನು ಮಾತ್ರ ಹುಡುಕುತ್ತೇವೆ. ಹೇಳಿದವನಿಗೂ ಉದ್ದೇಶವಿರುತ್ತದೆ. ಟ್ರಂಪ್ ಆಗ ಮಾತಾಡುತ್ತಿದ್ದದ್ದು ನಮ್ಮ ಜೊತೆ ಅಲ್ಲ, ತಮ್ಮ ದೇಶದವರ ಜೊತೆ. ದಶಕಗಳಿಂದ ನಡೆದ ಒಂದು ಸಂಸ್ಥೆಯನ್ನು ಮುಚ್ಚುವಾಗ, ಅದು ನಿಮ್ಮ ತೆರಿಗೆ ಹಣವನ್ನು ಎಲ್ಲೆಲ್ಲೋ ಚೆಲ್ಲುತ್ತಿತ್ತು ಎಂದು ತೋರಿಸಲು ಉದಾಹರಣೆಗಳು ಬೇಕಿದ್ದವು. ನಮ್ಮ ಪಕ್ಷಗಳಿಗೂ ಬಂದ ಮಾತು ಬಳಕೆಗೆ ಸಿಕ್ಕಿತು. ಇದು ನನ್ನ ತೀರ್ಮಾನ, ಒಪ್ಪದವರು ಒಪ್ಪದಿರಬಹುದು.

ಇಷ್ಟು ಹೇಳಿದ ಮಾತ್ರಕ್ಕೆ ಹೊರಗಿನವರು ನಮ್ಮ ಚುನಾವಣೆಗೆ ಕೈ ಹಾಕಿಯೇ ಇಲ್ಲ ಎಂದಲ್ಲ. ಡವ್ ಲೆವಿನ್ ಎಂಬ ವಿದ್ವಾಂಸರು 1946ರಿಂದ 2000ದವರೆಗೆ ಬೇರೆ ದೇಶಗಳ ಚುನಾವಣೆಯಲ್ಲಿ ಅಮೆರಿಕ 81 ಸಲ, ಸೋವಿಯತ್ ಒಕ್ಕೂಟ ಮತ್ತು ರಷ್ಯಾ 36 ಸಲ ಕೈಯಾಡಿಸಿದ್ದನ್ನು ಲೆಕ್ಕ ಹಾಕಿದ್ದಾರೆ. ನಮ್ಮಲ್ಲಿ 1970ರ ದಶಕದಲ್ಲಿ ವಿದೇಶಿ ಕೈವಾಡದ ಬಗ್ಗೆ ಇಂದಿರಾ ಗಾಂಧಿಯವರಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ.  ಆದರೆ 1978ರ ಪುಸ್ತಕವೊಂದರಲ್ಲಿ, ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್, ಕೇರಳದಲ್ಲೊಮ್ಮೆ ಬಂಗಾಳದಲ್ಲೊಮ್ಮೆ ಕಮ್ಯುನಿಸ್ಟರನ್ನು ತಡೆಯಲು ಅಮೆರಿಕ ಕಾಂಗ್ರೆಸ್ ಪಕ್ಷಕ್ಕೆ ಹಣ ಕೊಟ್ಟಿತ್ತು, ಒಮ್ಮೆ ಪಕ್ಷದ ಪದಾಧಿಕಾರಿಯಾಗಿದ್ದ ಇಂದಿರಾ ಅವರಿಗೇ ಕೊಟ್ಟಿತ್ತು ಎಂದು ಬರೆದರು. ಇಂದಿರಾ ಅದನ್ನು ನಿರಾಕರಿಸಿದರು. 2005ರಲ್ಲಿ ಬಂದ ಮಿತ್ರೋಖಿನ್ ಕಡತಗಳ ಎರಡನೇ ಸಂಪುಟ, ಸೋವಿಯತ್ ಗುಪ್ತಚರರೂ ಇಲ್ಲಿ ಹಣ ಚೆಲ್ಲಿದರು ಎಂದಿತು. ಶೀತಲ ಸಮರದಲ್ಲಿ ಇಬ್ಬರ ಉದ್ದೇಶವೂ ಸ್ಪಷ್ಟವಿತ್ತು: ಭಾರತ ಎದುರಾಳಿಯ ಕಡೆ ವಾಲಬಾರದು.

1967ರ ಚುನಾವಣೆಯಲ್ಲಿ ಹೊರಗಿನ ಹಣ ಬಂತೆಂಬ ಗಲಾಟೆ ಸಂಸತ್ತಿನವರೆಗೆ ಹೋಗಿತ್ತು. ಮುಂದೆ 1976ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂತು. ಅಭ್ಯರ್ಥಿ, ಶಾಸಕ, ಸಂಸದ, ನ್ಯಾಯಾಧೀಶ, ಪತ್ರಕರ್ತ, ರಾಜಕೀಯ ಪಕ್ಷ, ಇವರ್‍ಯಾರೂ ವಿದೇಶಿ ಮೂಲದಿಂದ ದೇಣಿಗೆ ಪಡೆಯುವಂತಿಲ್ಲ. ಒಳ್ಳೆಯ ಕಾನೂನು.

ಆ ಕಾನೂನಿಗೆ ಮುಂದೆ ಏನಾಯಿತು ಎಂಬುದನ್ನು ಓದುಗರು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. 2014ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್, ಲಂಡನ್ನಿನ ವೇದಾಂತ ಸಮೂಹಕ್ಕೆ ಸೇರಿದ ಸ್ಟೆರ್ಲೈಟ್ ಮತ್ತು ಸೇಸಾ ಗೋವಾ ಕಂಪನಿಗಳಿಂದ ದೇಣಿಗೆ ಪಡೆದ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಈ ಕಾಯ್ದೆ ಮುರಿದಿವೆ ಎಂದು ತೀರ್ಪು ಕೊಟ್ಟಿತು. ಸೇಸಾ ಗೋವಾ ನಮಗೆ ದೂರದ ಹೆಸರಲ್ಲ, ಚಿತ್ರದುರ್ಗದಲ್ಲಿ ಅದರ ಅದಿರಿನ ಗಣಿ ಇತ್ತು. ಆರು ತಿಂಗಳಲ್ಲಿ ಕ್ರಮ ಕೈಗೊಳ್ಳಿ ಎಂದಿತ್ತು ಕೋರ್ಟು. ಕ್ರಮದ ಬದಲು ಕಾನೂನೇ ಬದಲಾಯಿತು. 2016ರ ಹಣಕಾಸು ಕಾಯ್ದೆ 'ವಿದೇಶಿ ಮೂಲ'ದ ವ್ಯಾಖ್ಯೆಯನ್ನು ತಿದ್ದಿತು. ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಹೊರಗಿನವರದ್ದಾದರೂ, ಅದು ವಿದೇಶಿ ಹೂಡಿಕೆಯ ಮಿತಿಯೊಳಗಿದ್ದರೆ ಆ ಕಂಪನಿ ವಿದೇಶಿಯಲ್ಲ! ಈ ತಿದ್ದುಪಡಿ 2010ರವರೆಗೆ ಮಾತ್ರ ಹಿಂದಕ್ಕೆ ಹೋಗುತ್ತಿತ್ತು, ಪಕ್ಷಗಳು ಹಣ ಪಡೆದದ್ದು ಅದಕ್ಕೂ ಮೊದಲು. ಹಾಗಾಗಿ 2018ರಲ್ಲಿ ಇನ್ನೊಮ್ಮೆ ತಿದ್ದಿ, 1976ರ ಆಗಸ್ಟ್ 5ರಿಂದಲೇ ಅನ್ವಯ ಎಂದರು. ಮಾರ್ಚ್ 14ರಂದು ಲೋಕಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಹಣಕಾಸು ಮಸೂದೆ ಪಾಸಾಯಿತು. ನಲವತ್ತೆರಡು ವರ್ಷದ ಹಿಂದಕ್ಕೆ ಹೋಗಿ ತಪ್ಪನ್ನು ತಪ್ಪಲ್ಲವೆಂದು ಬರೆಯುವಾಗ ದೊಡ್ಡ ಪಕ್ಷಗಳೆರಡಕ್ಕೂ ಲಾಭವಿತ್ತು. 182 ಕೋಟಿಗೆ ವಾರವಿಡೀ ಕೂಗಿದ ಟಿವಿಗಳಲ್ಲಿ ಇದರ ಬಗ್ಗೆ ನಾನು ಒಂದು ಗಂಟೆಯ ಚರ್ಚೆಯನ್ನೂ ನೋಡಿಲ್ಲ. ಇದು ನನಗೆ ಸಿಟ್ಟು ತರಿಸುತ್ತದೆ.

ಇದರ ಅರ್ಥ ನಮ್ಮಂಥ ಊರಿನಲ್ಲಿ ಸುಲಭವಾಗಿ ಕಾಣುತ್ತದೆ. ಒಂದು ಮನೆಯ ಹಿರಿ ಮಗ ದುಬೈಯಲ್ಲಿ ಹದಿನೈದು ವರ್ಷದಿಂದ ಇದ್ದಾನೆ, ಪಾಸ್‌ಪೋರ್ಟ್ ಭಾರತದ್ದು ಎಂದುಕೊಳ್ಳಿ. ಅವನು ನಮೂನೆ 6ಎ ತುಂಬಿ ಸಾಗರೋತ್ತರ ಮತದಾರನಾಗಬಹುದು, ಆದರೆ ಓಟು ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ತನ್ನ ಬೂತಿಗೇ ಬರಬೇಕು. ಪಕ್ಷಕ್ಕೆ ದೇಣಿಗೆಯನ್ನೂ ಕೊಡಬಹುದು. ಕಿರಿ ಮಗ ನ್ಯೂಜೆರ್ಸಿಗೆ ಹೋಗಿ ಅಮೆರಿಕದ ಪೌರನಾದ, ಕೈಯಲ್ಲಿ ಸಾಗರೋತ್ತರ ಭಾರತೀಯ ಎನ್ನುವ ಒಸಿಐ ಕಾರ್ಡಿದೆ. ಅವನಿಗೆ ಓಟೂ ಇಲ್ಲ, ಅವನು ಪಕ್ಷಕ್ಕೆ ನೂರು ರೂಪಾಯಿ ಕೊಟ್ಟರೂ ಅದು ವಿದೇಶಿ ದೇಣಿಗೆ. ಅದು ಸರಿಯಾದದ್ದೇ ಎನ್ನುವವಳು ನಾನು. ಆದರೆ ಅವನು ಕೆಲಸ ಮಾಡುವ ಕಂಪನಿಯ ಭಾರತದ ಅಂಗಸಂಸ್ಥೆ ಹೂಡಿಕೆ ಮಿತಿಯೊಳಗಿದ್ದರೆ ಕೋಟಿಗಟ್ಟಲೆ ಕೊಡಬಹುದು. ಬಿಜೂರಿನಲ್ಲಿ ಹುಟ್ಟಿ ಬೆಳೆದವನು ಹೊರಗಿನವನಾದ, ಅವನ ಯಜಮಾನರ ಹಣ ಒಳಗಿನದಾಯಿತು.

ಚುನಾವಣಾ ಆಯೋಗ ಇದನ್ನು ಕಂಡಿತ್ತು. 2019ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಈ ತಿದ್ದುಪಡಿಯಿಂದ ಪಕ್ಷಗಳಿಗೆ ವಿದೇಶಿ ಹಣ ತಡೆಯಿಲ್ಲದೆ ಬರಬಹುದು, ವಿದೇಶಿ ಕಂಪನಿಗಳು ಭಾರತದ ನೀತಿಗಳ ಮೇಲೆ ಪ್ರಭಾವ ಬೀರಬಹುದು ಎಂದು ಎಚ್ಚರಿಸಿತ್ತು. ಇಂದಿನ ಕಾಲದ ಉದ್ದೇಶ ಇಲ್ಲಿದೆ. ಯಾರು ಪ್ರಧಾನಿ ಎಂಬುದಕ್ಕಿಂತ ಗಣಿಗೆ ಅನುಮತಿ, ಬಂದರಿಗೆ ಜಾಗ, ತೆರಿಗೆ ವಿನಾಯಿತಿ ಯಾರು ಕೊಡುತ್ತಾರೆ ಎಂಬುದು ಹಣ ಹಾಕುವವನಿಗೆ ಮುಖ್ಯ. 2024ರ ಫೆಬ್ರವರಿ 15ರಂದು, ಪಕ್ಷಗಳಿಗೆ ಹೆಸರು ಹೇಳದೆ ದೇಣಿಗೆ ಕೊಡಬಹುದಾಗಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ತೀರ್ಪು ಎಫ್‌ಸಿಆರ್‌ಎ ತಿದ್ದುಪಡಿಯನ್ನು ಮುಟ್ಟಲಿಲ್ಲ. 2023ರ ಜನವರಿಯಲ್ಲೇ ಕೋರ್ಟು ಅದನ್ನು ಬೇರೆಯಾಗಿ ವಿಚಾರಿಸಲು ವಿಂಗಡಿಸಿತ್ತು.

ಹಣದ ಹೊರತಾಗಿ ಇನ್ನೊಂದು ದಾರಿಯಿದೆ, ನಮ್ಮ ಕೈಯಲ್ಲಿರುವ ಫೋನು. 2018ರ ಮೇ 12ರ ವಿಧಾನಸಭಾ ಚುನಾವಣೆಗೆ ಎರಡು ತಿಂಗಳಿರುವಾಗ ಕೇಂಬ್ರಿಜ್ ಅನಾಲಿಟಿಕಾ ಎಂಬ ಚುನಾವಣಾ ಸಲಹಾ ಕಂಪನಿಯ ಹಗರಣ ಬಯಲಾಯಿತು. ಭಾರತದಲ್ಲಿ 335 ಜನ ಒಂದು ಆ್ಯಪ್ ಹಾಕಿಕೊಂಡದ್ದರಿಂದ ಅವರ ಗೆಳೆಯರೂ ಸೇರಿ 5.62 ಲಕ್ಷ ಜನರ ಮಾಹಿತಿ ಸೋರಿರಬಹುದು ಎಂದು ಫೇಸ್‌ಬುಕ್ ಒಪ್ಪಿಕೊಂಡಿತು. ಕೇಂಬ್ರಿಜ್ ಅನಾಲಿಟಿಕಾದ ಮಾತೃಸಂಸ್ಥೆ ಎಸ್‌ಸಿಎಲ್‌ಗೆ ಬೆಂಗಳೂರಿನಲ್ಲೂ ಕಚೇರಿ ಇತ್ತೆಂದು ಒಳಗಿನವರೇ ಆದ ಕ್ರಿಸ್ಟೋಫರ್ ವೈಲಿ ಹೊರಹಾಕಿದ ದಾಖಲೆ ಹೇಳುತ್ತಿತ್ತು. ಆಗಲೂ ಎರಡು ಪಕ್ಷಗಳು ಪರಸ್ಪರ ಬೆರಳು ತೋರಿಸಿದವು. ರೊಮೇನಿಯಾದಲ್ಲಂತೂ 2024ರ ಡಿಸೆಂಬರ್ 6ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಟಿಕ್‌ಟಾಕ್ ಪ್ರಚಾರದಲ್ಲಿ ಹೊರಗಿನವರ ಕೈವಾಡದ ಶಂಕೆ ಎತ್ತಿದ ಗುಪ್ತಚರ ವರದಿಗಳ ನಂತರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತನ್ನೇ ರದ್ದು ಮಾಡಿತು. ಲಕ್ಷಾಂತರ ಜನರ ಓಟು ಹಾಗೆ ಹೋಯಿತು ಎಂಬುದು ನೆನಪಿಗೆ ಬಂದಾಗ ನನಗೆ ಸಂಕಟವಾಗುತ್ತದೆ.

ಆದರೆ ಬೂತಿನೊಳಗೆ ಹೊರಗಿನವರ ಕೈ ಬರುವುದು ಕಷ್ಟ. ಮತದಾನಕ್ಕೆ ಒಂದೂವರೆ ಗಂಟೆ ಮೊದಲೇ ಎಲ್ಲ ಪಕ್ಷಗಳ ಏಜೆಂಟರನ್ನು ಕೂರಿಸಿ ಕನಿಷ್ಠ 50 ಅಣಕು ಮತ ಹಾಕಿಸುತ್ತೇವೆ. ಎಣಿಸಿ ತೋರಿಸಿ, ಅಳಿಸಿ, ಸೀಲ್ ಮಾಡಿ, ಅವರ ಸಹಿ ಹಾಕಿಸುತ್ತೇವೆ. ಸಂಜೆ ನಮೂನೆ 17ಸಿಯಲ್ಲಿ ಒಟ್ಟು ಮತ ಬರೆದು ಪ್ರತಿಯೊಬ್ಬ ಏಜೆಂಟನ ಕೈಗೂ ಒಂದು ಪ್ರತಿ ಕೊಡುತ್ತೇವೆ. ಒಂದು ಓಟಿಗೆ ಇಷ್ಟು ಲೆಕ್ಕ.

ಪಕ್ಷದ ದೇಣಿಗೆಗೂ ನಮೂನೆ ಇದೆ, 24ಎ. ಇಪ್ಪತ್ತು ಸಾವಿರ ರೂಪಾಯಿ ಮೀರಿದ ದೇಣಿಗೆಗಳನ್ನು ಪಕ್ಷಗಳು ಅದರಲ್ಲಿ ಆಯೋಗಕ್ಕೆ ಕೊಡಬೇಕು, ಆಯೋಗ ಅದನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಯಾರು ಬೇಕಾದರೂ ನೋಡಬಹುದು, ನಾನು ನೋಡಿದ್ದೇನೆ. ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ, ಮೊತ್ತ, ಕೊಟ್ಟ ಬಗೆ ಎಲ್ಲ ಇದೆ. ಆ ಕಂಪನಿಯಲ್ಲಿ ಯಾವ ದೇಶದವರ ಷೇರು ಎಷ್ಟು ಎಂಬ ಒಂದು ಕಾಲಂ ಇಲ್ಲ. ಅದನ್ನು ಸೇರಿಸಿ ಎಂದು ಮುಂದಿನ ಸಲ ಓಟು ಕೇಳಲು ಅಂಗಳಕ್ಕೆ ಬರುವ ಎಲ್ಲ ಪಕ್ಷದವರಲ್ಲೂ ಕೇಳುತ್ತೇನೆ. ನೀವೂ ಕೇಳಿ.